ಹಳೆಯ ಕ್ಯಾಂಪರ್ ವ್ಯಾನಿಗೆ ಆಟೋಮ್ಯಾಟಿಕ್ ಗೇರ್: ಘಾಟಿ ಊರಿನವರು ಯಾವುದನ್ನು ಆರಿಸಬೇಕು?

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹೋದ ಅಕ್ಟೋಬರಿನಲ್ಲಿ ನಾವು ಅರ್ಧ ದಾರಿ ಹತ್ತಿದ್ದೆವು. ಒಂದು ತಿರುವಿನಲ್ಲಿ ಮೇಲಿಂದ ಬಸ್ಸು ಬಂತು. ಘಾಟಿಯಲ್ಲಿ ಹತ್ತುವ ಗಾಡಿಗೇ ಮೊದಲು ದಾರಿ ಅನ್ನುವುದು ನಿಯಮ. ಆದರೆ ಬಸ್ಸಿನ ಅರ್ಧ ಮೈ ಆಗಲೇ ತಿರುವಿನೊಳಗೆ ಬಂದಿತ್ತು. ನಾನೇ ನಿಲ್ಲಿಸಿದೆ. ಮತ್ತೆ ಹೊರಡಬೇಕು ಅನ್ನುವಾಗ ಎಡಗಾಲಿನ ಮಂಡಿ ಕೈಕೊಟ್ಟಿತು. ಹಾಫ್ ಕ್ಲಚ್ ಹಿಡಿದಿಡಲು ಆಗಲಿಲ್ಲ. ಎಂಜಿನ್ ಎರಡು ಸಲ ಆಫ್ ಆಯಿತು. ವ್ಯಾನು ಒಂದು ಮೊಳ ಹಿಂದಕ್ಕೆ ಜಾರಿತು. ನನ್ನಾಕೆ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಮೂರನೇ ಸಲಕ್ಕೆ ಗಾಡಿ ಹೊರಟಿತು. ಅವಳು ಮುಂದಿನ ತಿರುವಿನವರೆಗೆ ಮಳೆಯಲ್ಲೇ ನಡೆದು ಬಂದಳು. ಆಗುಂಬೆ ಪೇಟೆ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ.

ರಾತ್ರಿ ಮಗಳು ಫೋನ್ ಮಾಡಿದಾಗ ವಿಷಯ ಹೇಳಿದೆವು. "ಅಪ್ಪಾ, ವ್ಯಾನಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿಸಿಬಿಡು. ಈಗ ಎಲ್ಲಾ ಆಗತ್ತೆ" ಎಂದಳು. ಅವಳದು ಆಟೋಮ್ಯಾಟಿಕ್ ಕಾರು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದರ ಸುಖ ಕಂಡವಳು. ನನಗೂ ಹೌದಲ್ವಾ ಅನ್ನಿಸಿತು.

ಆಮೇಲೆ ನಾಲ್ಕು ತಿಂಗಳು ನಾನು ಇದೇ ಕೆಲಸ ಮಾಡಿದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನ ಗ್ಯಾರೇಜುಗಳನ್ನು ಸುತ್ತಿದೆ. ಗುಜರಿಯವರನ್ನು ಕೇಳಿದೆ. ಆರ್‌ಟಿಒ ಕಚೇರಿಯಲ್ಲಿ ಕೂತೆ. ನನ್ನ ಹಾಗೇ ಹಳೆಯ ಡೀಸೆಲ್ ವ್ಯಾನಿನಲ್ಲಿ ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಕಟ್ಟಿಸಿಕೊಂಡು ಊರು ಸುತ್ತುವವರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ನಮ್ಮ ವಯಸ್ಸೂ ಏರುತ್ತಿದೆ, ಗಾಡಿಯ ವಯಸ್ಸೂ ಏರುತ್ತಿದೆ. ಅವರಿಗೆ ಉಪಯೋಗ ಆಗಲಿ ಅಂತ ತಿಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ

ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ನನ್ನ ಮಾತೆಲ್ಲ ಕೇಳಿಸಿಕೊಂಡರು. ವ್ಯಾನಿನ ಕೆಳಗೆ ಒಂದು ಸಲ ನುಗ್ಗಿ ಬಂದರು. ಕೈ ಒರೆಸಿಕೊಳ್ಳುತ್ತಾ, "ಮೇಷ್ಟ್ರೇ, ನೋಯ್ತಾ ಇರೋದು ನಿಮ್ಮ ಕಾಲು. ಗೇರ್‌ಬಾಕ್ಸ್‌ಗೆ ಏನೂ ಆಗಿಲ್ಲ ಮಾರಾಯ್ರೇ" ಎಂದರು. ನನ್ನ ಯೋಚನೆ ತಿರುಗಿದ್ದು ಆ ಮಾತಿನಿಂದ.

ಹಾಗಾಗಿ ನೀವೂ ಕೇಳಿಕೊಳ್ಳಿ. ನಿಮಗೆ ಕಷ್ಟ ಕೊಡುತ್ತಿರುವುದು ಏನು? ಕ್ಲಚ್ ತುಳಿಯುವುದೇ? ಗೇರ್ ಬದಲಾಯಿಸುವ ಕೈಯೇ? ಏರಿನಲ್ಲಿ ನಿಂತು ಹೊರಡುವುದೇ? ಅಥವಾ ಮನೆಯಲ್ಲಿ ಇನ್ನೊಬ್ಬರು ಆಟೋಮ್ಯಾಟಿಕ್ ಮಾತ್ರ ಓಡಿಸಬಲ್ಲರು ಅನ್ನುವುದೇ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಖರ್ಚಂತೂ ಸಾವಿರದಿಂದ ಲಕ್ಷಗಳವರೆಗೆ ಹೋಗುತ್ತದೆ.

ಇರುವ ಕ್ಲಚ್ಚನ್ನೇ ಹಗುರ ಮಾಡುವುದು

ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಹಳೆಯ ಗಾಡಿಯ ಕ್ಲಚ್ ಗಟ್ಟಿ ಇರುವುದೇ ಸಹಜ ಅಂದುಕೊಂಡುಬಿಡುತ್ತೇವೆ. ಅದು ತಪ್ಪು. ಹೊಸದಾಗಿದ್ದಾಗ ಅದು ಇಷ್ಟು ಗಟ್ಟಿ ಇರಲಿಲ್ಲ. ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತಾ ಹೋಗುತ್ತದೆ. ದಿನಾ ತುಳಿಯುವವರಿಗೆ ಗೊತ್ತಾಗುವುದಿಲ್ಲ.

ಯಾಕೆ ಬಿಗಿಯಾಗುತ್ತದೆ? ಕ್ಲಚ್ ಪ್ಲೇಟನ್ನು ಎಂಜಿನ್ನಿನ ಚಕ್ರಕ್ಕೆ ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟ್. ಅದರಲ್ಲಿ ತಟ್ಟೆಯಂಥ ಒಂದು ಸ್ಪ್ರಿಂಗ್ ಇರುತ್ತದೆ. ಕ್ಲಚ್ ಪ್ಲೇಟ್ ಸವೆದಂತೆ ಆ ಸ್ಪ್ರಿಂಗಿನ ಬೆರಳುಗಳು ಹೊರಗೆ ಬಾಗುತ್ತವೆ. ಬಾಗಿದ ಬೆರಳನ್ನು ಒತ್ತಲು ಜಾಸ್ತಿ ಬಲ ಬೇಕು. ಅಂದರೆ ಪ್ಲೇಟ್ ತೆಳುವಾದಷ್ಟೂ ಪೆಡಲ್ ಭಾರ. ಇದರ ಜೊತೆಗೆ ಆ ಬೆರಳುಗಳನ್ನು ಒತ್ತುವ ರಿಲೀಸ್ ಬೇರಿಂಗ್ ಒಣಗಿರುತ್ತದೆ. ಅದನ್ನು ತಳ್ಳುವ ಫೋರ್ಕ್ ಕೂರುವ ಜಾಗದಲ್ಲಿ ಗ್ರೀಸ್ ಇರುವುದಿಲ್ಲ. ಪೆಡಲಿನ ಬುಶ್ ಸವೆದು ಲೋಹಕ್ಕೆ ಲೋಹ ಉಜ್ಜುತ್ತಿರುತ್ತದೆ. ಹೈಡ್ರಾಲಿಕ್ ಕ್ಲಚ್ ಆದರೆ ರಬ್ಬರ್ ಪೈಪು ಒಳಗೇ ಊದಿಕೊಂಡು ದಾರಿ ಸಣ್ಣದಾಗಿರುತ್ತದೆ. ಕೇಬಲ್ ಕ್ಲಚ್ ಆದರೆ ಕೇಬಲ್ಲೇ ತುಕ್ಕು ಹಿಡಿದಿರುತ್ತದೆ. ಒಂದೊಂದೂ ಸಣ್ಣದು. ಎಲ್ಲ ಸೇರಿದಾಗ ಮಂಡಿಯ ಮೇಲೆ ಬೀಳುತ್ತದೆ.

ನಮ್ಮ ಕಡೆ ಇನ್ನೊಂದು ಕಾರಣ ಇದೆ. ಕ್ಲಚ್ಚಿಗೂ ಬ್ರೇಕಿಗೂ ಹಾಕುವ ಆಯಿಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಡಬ್ಬಿಯೊಳಗಿನ ಆಯಿಲ್ ಸುಮ್ನೆ ಇರುತ್ತದಾ? ತೇವ ಸೇರಿದ ಆಯಿಲ್ ಸಿಲಿಂಡರಿನ ಒಳಗೋಡೆಯನ್ನು ತಿನ್ನುತ್ತದೆ. ವಾಷರ್ ಹಿಡಿದುಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ತೆಗೆದು ಹೊಸದು ತುಂಬಿಸಿ. ನನ್ನ ಗಾಡಿಯಲ್ಲಿ ಆರು ವರ್ಷದಿಂದ ಬದಲಾಯಿಸಿರಲಿಲ್ಲ. ಹೊರಗೆ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ್ದು.

ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಬೇಕು. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು. ಒಂದನ್ನು ಉಳಿಸಿದರೆ ಮತ್ತೆ ಇಳಿಸಬೇಕಾಗುತ್ತದೆ. ಫ್ಲೈವೀಲ್, ಅಂದರೆ ಎಂಜಿನ್ನಿನ ಬೆನ್ನಿನ ಭಾರದ ಚಕ್ರದ ಮೇಲೆ ನೀಲಿ ಕಲೆಗಳಿದ್ದರೆ ಲೇತ್‌ಗೆ ಕೊಟ್ಟು ಮಟ್ಟ ಮಾಡಿಸಿ. ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗ್ ಮರೆಯಬೇಡಿ. ಅದರ ಬೆಲೆ ತೀರಾ ಕಮ್ಮಿ, ಅದು ಹೋದರೆ ಮಾತ್ರ ಗೇರ್ ಬೀಳುವಾಗ ಕಿರುಚುತ್ತದೆ.

ಇಷ್ಟಾದ ಮೇಲೂ ಭಾರ ಅನ್ನಿಸಿದರೆ ಕ್ಲಚ್ ಬೂಸ್ಟರ್ ಅನ್ನುವುದಿದೆ. ಬ್ರೇಕಿಗೆ ಇರುವಂತೆಯೇ ವ್ಯಾಕ್ಯೂಮ್, ಅಂದರೆ ಗಾಳಿ ಎಳೆದು ಖಾಲಿ ಮಾಡಿದ ಜಾಗದ ಬಲದಿಂದ ಪೆಡಲಿಗೆ ಸಹಾಯ ಮಾಡುತ್ತದೆ. ನಿಮ್ಮ ಗಾಡಿಯ ಮಾದರಿಗೇ ಹೊಂದುವಂಥದ್ದು ಸಿಕ್ಕರೆ ಒಳ್ಳೆಯದು. ಕಾಲು ಇನ್ನೂ ತುಳಿಯಲೇಬೇಕು. ಆದರೆ ತುಳಿತ ಹಗುರ.

ಇದರ ದೊಡ್ಡ ಲಾಭ ಏನೆಂದರೆ ಗಾಡಿ ಕಂಪನಿ ಮಾಡಿದಂತೆಯೇ ಉಳಿಯುತ್ತದೆ. ಕಾನೂನಿನ ತಕರಾರಿಲ್ಲ. ತೀರ್ಥಹಳ್ಳಿಯ ಯಾವ ಗ್ಯಾರೇಜಿನವರೂ ಬಿಚ್ಚಿ ಜೋಡಿಸಬಲ್ಲರು.

ಕೈಯಲ್ಲೇ ಕ್ಲಚ್: ಆಟೋ ಕ್ಲಚ್ ಕಿಟ್

ಎಡಗಾಲು ಪೂರ್ತಿ ಬಳಸಲಾಗದವರಿಗೆ ಇದು. ಗೇರ್‌ಬಾಕ್ಸ್ ಹಳೆಯದೇ ಇರುತ್ತದೆ. ಗೇರ್ ನೀವೇ ಹಾಕಬೇಕು. ಕ್ಲಚ್ ಒತ್ತುವ ಕೆಲಸವನ್ನು ಮಾತ್ರ ಒಂದು ಮೋಟಾರ್ ಅಥವಾ ವ್ಯಾಕ್ಯೂಮ್ ಡಬ್ಬಿ ಮಾಡುತ್ತದೆ. ಗೇರ್ ಹಿಡಿಕೆಯ ಮೇಲೆ ಒಂದು ಸ್ವಿಚ್ ಇರುತ್ತದೆ. ಅದನ್ನು ಒತ್ತಿ ಗೇರ್ ಹಾಕಿ ಬಿಟ್ಟರೆ, ಆಕ್ಸಲರೇಟರ್ ಕೊಟ್ಟಂತೆ ಕ್ಲಚ್ ನಿಧಾನ ಕೂರುತ್ತದೆ. ನಮ್ಮ ದೇಶದಲ್ಲಿ ಅಂಗವಿಕಲರ ಕಾರುಗಳಿಗೆ ಬಹಳ ಕಾಲದಿಂದ ಇದನ್ನು ಹಾಕುತ್ತಿದ್ದಾರೆ.

ಈ ಯೋಚನೆ ಹೊಸದಲ್ಲ. 1968ರ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಕಂಪನಿಯೇ ಇಂಥದ್ದೊಂದನ್ನು ಕೊಟ್ಟಿತ್ತು. ಗೇರ್ ಹಿಡಿಕೆ ಮುಟ್ಟಿದ ಕೂಡಲೇ ಒಂದು ಸ್ವಿಚ್ ಕೂಡಿ, ವ್ಯಾಕ್ಯೂಮ್ ಡಬ್ಬಿ ಕ್ಲಚ್ ಎಳೆಯುತ್ತಿತ್ತು. ಅದರಲ್ಲಿ ಕ್ಲಚ್ ಪೆಡಲ್ಲೇ ಇರಲಿಲ್ಲ.

ಬಯಲು ರಸ್ತೆಗೆ ಇದು ಚೆನ್ನ. ಶಿವಮೊಗ್ಗದಿಂದ ಭದ್ರಾವತಿ ಕಡೆಗೆ ಓಡಿಸುವವರಿಗೆ ಯಾವ ಕಷ್ಟವೂ ಇಲ್ಲ. ಘಾಟಿಗೆ ಬಂದಾಗ ಎರಡು ಮಾತು ಹೇಳಲೇಬೇಕು.

ಏರಿನಲ್ಲಿ ನಿಂತು ಹೊರಡುವಾಗ ಕಿಟ್ಟಿಗೆ ನಿಮ್ಮ ಪಾದದ ನಾಜೂಕು ಬರುವುದಿಲ್ಲ. ಕೆಲವು ಬೇಗ ಕೂರಿಸಿ ಎಂಜಿನ್ ಆಫ್ ಮಾಡಿಸುತ್ತವೆ. ಕೆಲವು ತಡ ಮಾಡಿ ಕ್ಲಚ್ ಸುಡುತ್ತವೆ. ಕಿಟ್ ಕೂರಿಸಿದವರೇ ಅದನ್ನು ನಿಮ್ಮ ಗಾಡಿಯ ತೂಕಕ್ಕೆ ಹೊಂದಿಸಿ ಕೊಡಬೇಕು. ಸಣ್ಣ ಕಾರಿಗೆ ಮಾಡಿದ ಕಿಟ್ ಮೂರು ಟನ್ನಿನ ವ್ಯಾನಿನ ಪ್ರೆಷರ್ ಪ್ಲೇಟ್ ಒತ್ತಲು ಒದ್ದಾಡುತ್ತದೆ. ಹ್ಯಾಂಡ್‌ಬ್ರೇಕ್ ಗಟ್ಟಿ ಹಿಡಿಯಬೇಕು, ಹ್ಯಾಂಡ್‌ಬ್ರೇಕಿನಲ್ಲೇ ಹೊರಡುವುದು ರೂಢಿ ಆಗಬೇಕು.

ಎರಡನೆಯದು ಪ್ರಾಣದ ವಿಷಯ. ವ್ಯಾಕ್ಯೂಮ್‌ನಿಂದ ನಡೆಯುವ ಕಿಟ್ ಆದರೆ ಆ ವ್ಯಾಕ್ಯೂಮ್ ಎಲ್ಲಿಂದ ಎಳೆಯುತ್ತಾರೆ ಅಂತ ಕೇಳಿ. ಡೀಸೆಲ್ ಎಂಜಿನ್ನಿನಲ್ಲಿ ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲ. ಒಂದು ಪಂಪ್ ಅದನ್ನು ಮಾಡುತ್ತದೆ. ಬ್ರೇಕ್ ಬೂಸ್ಟರ್ ಬದುಕಿರುವುದು ಅದೇ ಪಂಪಿನಿಂದ. ಕಿಟ್ಟಿನ ಪೈಪು ಸೋರಿದರೆ ಬ್ರೇಕಿನ ಬಲವೇ ಇಳಿಯುತ್ತದೆ. ಹುಲಿಕಲ್ ಘಾಟಿ ಇಳಿಯುವಾಗ ಹಾಗಾದರೆ ಏನು ಗತಿ? ಬ್ರೇಕಿನ ಸಾಲಿಗೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಬೇರೆ ನಾನ್ ರಿಟರ್ನ್ ವಾಲ್ವ್, ಕಿಟ್ಟಿಗೆ ಬೇರೆ ವ್ಯಾಕ್ಯೂಮ್ ಟ್ಯಾಂಕ್ ಇರಲೇಬೇಕು. ಇದನ್ನು ಕೇಳಿದಾಗ ಗ್ಯಾರೇಜಿನವರು ತಡವರಿಸಿದರೆ ಅಲ್ಲಿ ಮಾಡಿಸಬೇಡಿ. ನನ್ನ ಮನಸ್ಸಿಗೆ ವಿದ್ಯುತ್ ಮೋಟಾರಿನ ಕಿಟ್ಟೇ ಹೆಚ್ಚು ಒಪ್ಪಿಗೆ. ಹಳೆಯ ಕ್ಲಚ್ ಪೆಡಲ್ ಕೂಡ ಉಳಿಸಿಕೊಡುವಂಥದ್ದು ಇನ್ನೂ ಒಳ್ಳೆಯದು. ಕಿಟ್ ಕೆಟ್ಟರೆ ಕಾಲಿನಿಂದಾದರೂ ಮನೆ ಸೇರಬಹುದು.

ನಿಜವಾದ ಆಟೋಮ್ಯಾಟಿಕ್ ಕೂರಿಸುವುದು

ಮಗಳು ಹೇಳಿದ್ದು ಇದನ್ನೇ. ಮ್ಯಾನುವಲ್ ತೆಗೆದು ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಹಾಕುವುದು. ಇದರ ಸುಖವನ್ನು ಕಮ್ಮಿ ಮಾಡಿ ಹೇಳಲಾರೆ. ಟಾರ್ಕ್ ಕನ್ವರ್ಟರ್ ಅಂದರೆ ಆಯಿಲ್ ತುಂಬಿದ ಡಬ್ಬಿಯಲ್ಲಿ ಎದುರುಬದುರು ಎರಡು ರೆಕ್ಕೆಚಕ್ರ. ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಎರಚಿದ ಆಯಿಲ್ ಇನ್ನೊಂದನ್ನು ತಿರುಗಿಸುತ್ತದೆ. ನಡುವೆ ಆಯಿಲಿನ ದಾರಿ ತಿದ್ದುವ ಮೂರನೆಯ ಚಕ್ರ. ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಿ ಇದು ಎಂಜಿನ್ನಿನ ತಿರುಗುಬಲವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಉಜ್ಜುವ ಪ್ಲೇಟ್ ಇಲ್ಲ, ಸುಡುವ ವಾಸನೆ ಇಲ್ಲ. ಹೇರ್‌ಪಿನ್ ತಿರುವಿನಲ್ಲಿ ನಿಂತು ಹೊರಡಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ತೆರೆಯುವ ಮುಂಚೆ ನಾವೆಲ್ಲ ಲಾಂಚ್ ಹತ್ತುತ್ತಿದ್ದೆವಲ್ಲ, ಆ ಕೆಸರಿನ ಇಳಿಜಾರಿನಲ್ಲಿ ಇಂಚು ಇಂಚಾಗಿ ಗಾಡಿ ಬಿಡುವಾಗ ಇದೊಂದು ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಆದರೆ ಹಾಕುವುದು ಹೇಗೆ ಅಂತ ಕೂತು ಲೆಕ್ಕ ಹಾಕಿದಾಗ ಪಟ್ಟಿ ಬೆಳೆಯುತ್ತಾ ಹೋಯಿತು. ಎಂಜಿನ್ನಿನ ಬೆನ್ನಿನ ಬೋಲ್ಟುಗಳ ಜಾಗಕ್ಕೆ ಹೊಸ ಗೇರ್‌ಬಾಕ್ಸಿನ ಬಾಯಿ ಹೊಂದಬೇಕು. ಹೊಂದದಿದ್ದರೆ ನಡುವೆ ಒಂದು ದಪ್ಪ ಪ್ಲೇಟ್ ಕೊರೆಸಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಗೇರ್‌ಬಾಕ್ಸಿನ ಮುಂದಿನ ಆಯಿಲ್ ಸೀಲ್ ಮತ್ತು ಪಂಪ್ ತಿಂದುಹೋಗುತ್ತವೆ. ಭಾರದ ಫ್ಲೈವೀಲ್ ಹೋಗಿ ತೆಳು ಫ್ಲೆಕ್ಸ್ ಪ್ಲೇಟ್ ಬರುತ್ತದೆ. ಸ್ಟಾರ್ಟರ್ ಮೋಟಾರ್ ಅದರ ಹಲ್ಲಿಗೆ ಕೂಡಬೇಕು. ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಉದ್ದ ಸರಿಮಾಡಿ ಬ್ಯಾಲೆನ್ಸ್ ಮಾಡಿಸಬೇಕು. ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ ಹೊಸದಾಗಿ ಕಟ್ಟಬೇಕು. ಆಯಿಲ್ ತಣ್ಣಗಾಗಲು ಕೂಲರ್ ಬೇಕು. ಸ್ಪೀಡೋಮೀಟರ್, ರಿವರ್ಸ್ ಲೈಟು ಮತ್ತೆ ಜೋಡಿಸಬೇಕು. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ ಬೇಕೇ ಬೇಕು.

ಇದೆಲ್ಲ ಕಬ್ಬಿಣದ ಕೆಲಸ. ಒಳ್ಳೆ ಲೇತ್ ಇದ್ದರೆ ಮಾಡಬಹುದು. ಕಷ್ಟ ಇರುವುದು ಗೇರ್‌ಬಾಕ್ಸಿಗೆ ಎಂಜಿನ್ನಿನ ಮಾತು ಅರ್ಥ ಮಾಡಿಸುವುದರಲ್ಲಿ. ಈಗಿನ ಆಟೋಮ್ಯಾಟಿಕ್‌ಗಳು ಕಂಪ್ಯೂಟರಿನಿಂದ ನಡೆಯುತ್ತವೆ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಆಕ್ಸಲರೇಟರ್ ಎಷ್ಟು ಒತ್ತಿದೆ ಅನ್ನುವುದನ್ನು ಎಂಜಿನ್ನಿನ ಕಂಪ್ಯೂಟರ್ ಹೇಳಬೇಕು. ನಮ್ಮ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಕಂಪ್ಯೂಟರೇ ಇಲ್ಲ. ಇರುವುದು ಬರೀ ಮೆಕ್ಯಾನಿಕಲ್ ಪಂಪ್. ಸೆನ್ಸರ್, ಬೇರೆ ಕಂಟ್ರೋಲರ್ ಎಲ್ಲ ಹೊಸದಾಗಿ ಹಾಕಬೇಕು. ಪೆಟ್ರೋಲ್ ಕಾರಿನ ಆಟೋಮ್ಯಾಟಿಕ್ ತಂದರೆ ಇನ್ನೊಂದು ತೊಂದರೆ. ಪೆಟ್ರೋಲ್ ಎಂಜಿನ್ ಜಾಸ್ತಿ ಸುತ್ತು ತಿರುಗುತ್ತದೆ. ಅದರ ಕನ್ವರ್ಟರ್ ಮತ್ತು ಗೇರ್ ಬದಲಾಗುವ ಹೊತ್ತು ಅದಕ್ಕೇ ಹೊಂದಿಸಿದ್ದು. ನಿಧಾನ ತಿರುಗುವ ಡೀಸೆಲ್‌ಗೆ ಹಾಕಿದರೆ ಗೇರ್ ಮೇಲಕ್ಕೆ ಬೀಳುವುದು ತೀರಾ ತಡ, ಕೆಲವು ಸಲ ಬೀಳುವುದೇ ಇಲ್ಲ.

ಹಳೆಯ ಟೆಂಪೋ ಟ್ರಾವೆಲರ್ ಇಟ್ಟುಕೊಂಡವರು ಇಲ್ಲಿ ಒಂದು ಮಾತು ಕೇಳಿರುತ್ತೀರಿ. ಈಗ ಫೋರ್ಸ್ ಮೋಟಾರ್ಸ್ ಅನ್ನಿಸಿಕೊಳ್ಳುವ ಬಜಾಜ್ ಟೆಂಪೋ ಕಂಪನಿ ಮರ್ಸಿಡಿಸ್ ಲೈಸೆನ್ಸಿನಲ್ಲಿ ಓಎಂ616 ಡೀಸೆಲ್ ಎಂಜಿನ್ ಮಾಡುತ್ತಿತ್ತು. ಅದೇ ಎಂಜಿನ್ ಮರ್ಸಿಡಿಸ್‌ನ 240ಡಿ ಕಾರಿನಲ್ಲೂ ಇತ್ತು. ಆ ಕಾರಿಗೆ ಕಂಪನಿಯೇ 4 ಗೇರಿನ ಆಟೋಮ್ಯಾಟಿಕ್ ಕೊಟ್ಟಿತ್ತು. ಕಂಪ್ಯೂಟರ್ ಬೇಕಿಲ್ಲ, ವ್ಯಾಕ್ಯೂಮ್‌ನಿಂದಲೇ ಗೇರಿನ ಹದ ತಿಳಿಯುತ್ತದೆ. ಹಾಗಾದರೆ ಅದನ್ನೇ ತಂದು ಹಾಕಬಹುದಲ್ಲ ಅಂತ ನನಗೂ ಆಸೆ ಹುಟ್ಟಿತು. ಎರಡು ವಾರ ಅದರಲ್ಲೇ ಮುಳುಗಿದ್ದೆ.

ಆಮೇಲೆ ತೂಕದ ಲೆಕ್ಕ ಹಾಕಿದೆ. 240ಡಿ ಕಾರಿನ ತೂಕ ಒಂದೂವರೆ ಟನ್ನಿನೊಳಗೆ. ಅದರ ಎಂಜಿನ್ ಶಕ್ತಿ ಮೊದಲು 65, ಆಮೇಲೆ 72 ಎಚ್‌ಪಿ. ಅಷ್ಟು ಹಗುರದ ಕಾರಿನಲ್ಲೇ ಆಟೋಮ್ಯಾಟಿಕ್ ಮಾದರಿ ಬಹಳ ನಿಧಾನ ಅಂತ ಹೆಸರಾಗಿತ್ತು. ನೀರು, ಹಾಸಿಗೆ, ಸಾಮಾನು, ನಾಲ್ಕು ಜನ ಸೇರಿದರೆ ನಮ್ಮ ವ್ಯಾನುಗಳು ಅದರ ಎರಡರಷ್ಟು. ಆ ಗೇರ್‌ಬಾಕ್ಸಿನಲ್ಲಿ ಕನ್ವರ್ಟರಿನ ಎರಡು ರೆಕ್ಕೆಚಕ್ರಗಳನ್ನು ಒಂದಾಗಿ ಹಿಡಿಯುವ ಲಾಕ್ ಅಪ್ ಕ್ಲಚ್ ಇಲ್ಲ. ಅಂದರೆ ಆಯಿಲ್ ಸದಾ ಸ್ವಲ್ಪ ಜಾರುತ್ತಲೇ ಇರುತ್ತದೆ. ಜಾರಿದ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ. ಆ ಏರನ್ನು ಮೊದಲ, ಎರಡನೇ ಗೇರಿನಲ್ಲಿ, ಎದುರುಗಾಳಿ ಇಲ್ಲದೆ, ನಿಧಾನಕ್ಕೆ ಹತ್ತುವಾಗ ಗೇರ್ ಆಯಿಲ್ ಕಾಯುತ್ತದೆ. 120 ಡಿಗ್ರಿ ದಾಟಿದರೆ ಆ ಆಯಿಲ್ ಬೇಗ ಕೆಡುತ್ತದೆ. ಆಯಿಲ್ ಕೆಟ್ಟರೆ ಗೇರ್‌ಬಾಕ್ಸಿನೊಳಗೆ ಗೇರ್ ಹಿಡಿಯುವ ಪ್ಲೇಟ್‌ಗಳು ಹೋದವು. ಅದೂ ಅಲ್ಲದೆ ಆ ಕಾರುಗಳು 1976ರಿಂದ 1985ರ ನಡುವಿನವು. ಸಿಗುವ ಗೇರ್‌ಬಾಕ್ಸಿಗೆ ನಲವತ್ತು ವರ್ಷ ದಾಟಿದೆ. ಅದರ ರಿಪೇರಿ ಬಲ್ಲವರು ನಮ್ಮ ಜಿಲ್ಲೆಯಲ್ಲಿ ನನಗೆ ಯಾರೂ ಸಿಗಲಿಲ್ಲ. ಕೆಟ್ಟರೆ ಗಾಡಿಯನ್ನು ಲಾರಿಯ ಮೇಲೆ ಬೆಂಗಳೂರಿಗೆ ಹೊರಬೇಕು. ಆಸೆಯನ್ನು ಅಲ್ಲಿಗೇ ಬಿಟ್ಟೆ. ಬಿಡುವಾಗ ಬೇಜಾರಾಗಿದ್ದು ನಿಜ.

ಹೊರದೇಶದವರು ಹಳೆಯ ಕ್ಯಾಂಪರ್‌ಗಳನ್ನು ಆಟೋಮ್ಯಾಟಿಕ್ ಮಾಡಿಕೊಂಡಿದ್ದನ್ನು ನೋಡಿ ಕೆಲವರು ಇಲ್ಲಿಯೂ ಆಗುತ್ತದೆ ಅನ್ನುತ್ತಾರೆ. ಅಲ್ಲಿನ ಅನುಕೂಲ ಬೇರೆ. ಫೋಕ್ಸ್‌ವ್ಯಾಗನ್ ಟಿ3 ವ್ಯಾನನ್ನೇ ನೋಡಿ. ಅದೇ ವ್ಯಾನು, ಅದೇ ಎಂಜಿನ್ನಿಗೆ ಕಂಪನಿ 3 ಗೇರಿನ ಆಟೋಮ್ಯಾಟಿಕ್ ಮಾಡಿ ಮಾರಿತ್ತು. ಗುಜರಿಗೆ ಬಂದ ಒಂದು ವ್ಯಾನಿನಿಂದ ಎಲ್ಲವನ್ನೂ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಬ್ರಾಕೆಟ್‌ನಿಂದ ಹಿಡಿದು ಪೆಡಲ್‌ವರೆಗೆ ಎಲ್ಲ ಹೊಂದುತ್ತದೆ. ನಿಮ್ಮ ಗಾಡಿಗೂ ಹೀಗೆ ಅದೇ ಮಾದರಿಯ ಪೂರ್ತಿ ಜೋಡಿ ಸಿಗುವುದಾದರೆ ಮಾತ್ರ ಈ ದಾರಿ ಯೋಚಿಸಿ. ಬಿಡಿ ಗೇರ್‌ಬಾಕ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಅಂಗಳದಲ್ಲಿ ಇಟ್ಟುಕೊಳ್ಳಬೇಡಿ.

ಇನ್ನೊಂದು ಸಂಗತಿ, ಕಾಡಿನಲ್ಲಿ ತಂಗುವವರಿಗೆ. ಕವಲೇದುರ್ಗದ ಹತ್ತಿರ ಒಂದು ರಾತ್ರಿ ಫ್ರಿಜ್ಜು ಬ್ಯಾಟರಿಯನ್ನೆಲ್ಲ ಕುಡಿದುಬಿಟ್ಟಿತ್ತು. ಬೆಳಿಗ್ಗೆ ಊರಿನ ನಾಲ್ಕು ಹುಡುಗರು ಇಳಿಜಾರಿನಲ್ಲಿ ತಳ್ಳಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಎಂಜಿನ್ ಹಿಡಿಯಿತು. ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಇದು ಸಾಮಾನ್ಯವಾಗಿ ಆಗುವುದಿಲ್ಲ. ಅದರ ಆಯಿಲ್ ಪಂಪ್ ತಿರುಗುವುದು ಎಂಜಿನ್ ತಿರುಗಿದಾಗ ಮಾತ್ರ. ಇದೇ ಕಾರಣಕ್ಕೆ ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ದೂರ ಎಳೆಯುವ ಹಾಗೂ ಇಲ್ಲ. ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ ಆದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಯೇ ಎಳೆಯಬೇಕು.

ಎಎಂಟಿ ಮಾಡಿಸಬಹುದೇ?

2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ ಎಎಂಟಿ ಮನೆಮಾತಾಯಿತು. ಮ್ಯಾನುವಲ್ ಗೇರ್‌ಬಾಕ್ಸ್ ಮೇಲೆಯೇ ಕ್ಲಚ್ ಮತ್ತು ಗೇರ್ ನಡೆಸುವ ಯಂತ್ರ ಕೂರಿಸಿದ್ದು ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ನಮ್ಮದಕ್ಕೂ ಕೂರಿಸಬಹುದಲ್ಲ ಅಂತ ಕೇಳುತ್ತಾರೆ. ಆಗುವುದಿಲ್ಲ. ಅದೂ ಎಂಜಿನ್ ಕಂಪ್ಯೂಟರಿನ ಜೊತೆ ಮಾತಾಡಿಕೊಂಡೇ ನಡೆಯಬೇಕು. ಹಳೆಯ ವ್ಯಾನಿಗೆ ಅಂತ ಮಾಡಿದ ಎಎಂಟಿ ನನ್ನ ಹುಡುಕಾಟದಲ್ಲಿ ಎಲ್ಲೂ ಕಾಣಲಿಲ್ಲ. ಇದನ್ನು ಇಲ್ಲಿಗೇ ಬಿಡೋಣ.

ಕಾನೂನು ಏನು ಹೇಳುತ್ತದೆ

ಗೇರ್‌ಬಾಕ್ಸ್ ಬಗ್ಗೆ ಆರ್‌ಸಿಯಲ್ಲಿ ಏನೂ ಬರೆದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದರು. ಆ ಮಾತನ್ನು ನಂಬಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯನ್ನು ಕಂಪನಿ ಹೇಳಿದ್ದಕ್ಕಿಂತ ಬೇರೆ ಆಗುವಂತೆ ಬದಲಾಯಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಹೇಳಿತು. ಎಂಜಿನ್ ಬದಲಾಯಿಸುವುದಾದರೆ ಆರ್‌ಟಿಒ ಒಪ್ಪಿಗೆ ಬೇಕು. ಅಪಘಾತ ಆದಾಗ ವಿಮೆಯವರು ಗಾಡಿಯ ಕೆಳಗೆ ನೋಡುತ್ತಾರೆ. ಹೇಳದೆ ಮಾಡಿದ ಬದಲಾವಣೆ ಕಂಡರೆ ಕ್ಲೇಮು ಕಷ್ಟ. ಗಾಡಿಗೆ 15 ವರ್ಷ ಆದ ಮೇಲೆ ಖಾಸಗಿ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮ ಹಳೆಯ ಕೆಎ 14, ಕೆಎ 15 ಗಾಡಿಗಳೆಲ್ಲ ಈ ಬಾಗಿಲು ದಾಟಲೇಬೇಕು.

ಒಂದು ಬಾಗಿಲು ಮಾತ್ರ ತೆರೆದಿದೆ, ಅದು ಮುಖ್ಯವಾದದ್ದು. 2019ರ ತಿದ್ದುಪಡಿಯ ಪ್ರಕಾರ ದೈಹಿಕ ಊನ ಇರುವವರಿಗಾಗಿ ಗಾಡಿಯನ್ನು ಮಾರ್ಪಡಿಸಿ, ಆಮೇಲೆ ಆರ್‌ಟಿಒ ಒಪ್ಪಿಗೆ ಪಡೆಯಬಹುದು. ಎಡಗಾಲಿನ ಶಕ್ತಿ ನಿಜವಾಗಿ ಕುಂದಿದವರು ಆಟೋ ಕ್ಲಚ್ ಹಾಕಿಸಿಕೊಳ್ಳಲು ಈ ದಾರಿಯಲ್ಲೇ ಹೋಗಬೇಕು. ವೈದ್ಯರ ಪ್ರಮಾಣಪತ್ರ ಇಟ್ಟುಕೊಳ್ಳಿ. ಕಿಟ್ಟಿಗೆ ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐ ಸಂಸ್ಥೆಯ ಒಪ್ಪಿಗೆ ಇದೆಯಾ ಅಂತ ಕೇಳಿ, ಪತ್ರದ ಪ್ರತಿ ಪಡೆಯಿರಿ. ಕಿಟ್ ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಮಾತಾಡಿ. ನಾನು ಹೋದಾಗ ಸಮಾಧಾನವಾಗಿಯೇ ವಿವರಿಸಿದರು.

ಮಾರಿ ಬೇರೆ ಕೊಳ್ಳುವುದು

ಇದನ್ನು ಬರೆಯಲು ಮನಸ್ಸಿಲ್ಲ, ಆದರೂ ಹೇಳಬೇಕು. ಮನೆಯಲ್ಲಿ ಯಾರೂ ಮ್ಯಾನುವಲ್ ಓಡಿಸಲಾರರು ಅನ್ನುವ ಸ್ಥಿತಿ ಇದ್ದರೆ ಕಂಪನಿಯೇ ಮಾಡಿದ ಆಟೋಮ್ಯಾಟಿಕ್ ಗಾಡಿ ಕೊಳ್ಳುವುದೇ ಸರಿ. ಗೇರ್‌ಬಾಕ್ಸ್ ಬದಲಿಗೆ ಸುರಿಯುವ ಲಕ್ಷಗಳನ್ನು ಹಳೆಯ ವ್ಯಾನ್ ಮಾರಿದ ಹಣಕ್ಕೆ ಸೇರಿಸಿ ನೋಡಿ. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ 2.8 ಲೀಟರ್ ಡೀಸೆಲ್‌ಗೆ 6 ಗೇರಿನ ಆಟೋಮ್ಯಾಟಿಕ್ ಇತ್ತು. ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಬಿಡಿಭಾಗ ಶಿವಮೊಗ್ಗದಲ್ಲೇ ಸಿಗುತ್ತದೆ. ಹಿಂದಿನ ಸೀಟು ಮಡಚಿದರೆ ಇಬ್ಬರು ಮಲಗಬಹುದು. ನಿಂತು ದೋಸೆ ಹುಯ್ಯಲು ಆಗುವುದಿಲ್ಲ. ಮಳೆಯಲ್ಲಿ ಒಳಗೇ ನಿಂತು ಬಟ್ಟೆ ಬದಲಾಯಿಸಲು ಆಗುವುದಿಲ್ಲ. ನಮ್ಮಂಥವರಿಗೆ ಅದು ದೊಡ್ಡ ನಷ್ಟ. ಆ ನಷ್ಟ ಮಂಡಿನೋವಿಗಿಂತ ದೊಡ್ಡದೋ ಚಿಕ್ಕದೋ ಅಂತ ನೀವೇ ತೂಗಬೇಕು.

ಇಳಿಯುವಾಗಿನ ಮಾತು

ಎಲ್ಲರೂ ಹತ್ತುವುದರ ಬಗ್ಗೆಯೇ ಕೇಳುತ್ತಾರೆ. ನನಗೆ ಭಯ ಇಳಿಯುವುದರ ಬಗ್ಗೆ. ಹತ್ತುವಾಗ ತಪ್ಪಾದರೆ ಎಂಜಿನ್ ನಿಲ್ಲುತ್ತದೆ. ಇಳಿಯುವಾಗ ತಪ್ಪಾದರೆ ಗಾಡಿಯೇ ನಿಲ್ಲುವುದಿಲ್ಲ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಹಳೆಯ ಡ್ರೈವರುಗಳು ಹೇಳುತ್ತಿದ್ದರು. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಮ್ಯಾನುವಲ್‌ನಲ್ಲಿ ಈ ಹಿಡಿತ ನೇರ. ಟಾರ್ಕ್ ಕನ್ವರ್ಟರ್‌ನಲ್ಲಿ, ಅದೂ ಲಾಕ್ ಅಪ್ ಇಲ್ಲದ ಹಳೆಯದರಲ್ಲಿ, ಹಿಡಿತ ಸಡಿಲ. ಡಿ ಯಲ್ಲೇ ಇಟ್ಟು ಇಳಿದರೆ ಅದು ಮೇಲಿನ ಗೇರಿಗೆ ಹಾರಿ ಇನ್ನೂ ಸಡಿಲವಾಗುತ್ತದೆ. 2 ಅಥವಾ ಎಲ್ ಗೆ ಇಳಿಸಿಕೊಳ್ಳಲೇಬೇಕು. ಆಟೋ ಕ್ಲಚ್ ಕಿಟ್ ಇದ್ದವರು ಇಳಿಜಾರಿನಲ್ಲಿ ಗೇರ್ ಹಿಡಿಕೆಯ ಮೇಲೆ ಸುಮ್ಮನೆ ಕೈ ಇಟ್ಟುಕೊಳ್ಳಬಾರದು. ಸ್ವಿಚ್ ಒತ್ತಿದರೆ ಕ್ಲಚ್ ಬಿಟ್ಟು ಎಂಜಿನ್ನಿನ ಹಿಡಿತ ಆ ಕ್ಷಣವೇ ತಪ್ಪುತ್ತದೆ. ಯಾವ ದಾರಿ ಆರಿಸಿದರೂ ಅದರ ಜೊತೆಗೆ ಬ್ರೇಕ್ ಪೂರ್ತಿ ಬಿಚ್ಚಿಸಿ ನೋಡಿಸಿ.

ನಾವು ಮಾಡಿದ್ದು

ನಾನು ಮೊದಲ ದಾರಿಯನ್ನೇ ಹಿಡಿದೆ. ಕ್ಲಚ್ ಸೆಟ್, ಬೇರಿಂಗ್‌ಗಳು, ಎರಡೂ ಹೈಡ್ರಾಲಿಕ್ ಸಿಲಿಂಡರ್, ರಬ್ಬರ್ ಪೈಪು, ಪೆಡಲಿನ ಬುಶ್. ಮೂರು ದಿನದ ಕೆಲಸ. ನಾಲ್ಕನೇ ದಿನ ಪೆಡಲ್ ತುಳಿದಾಗ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಆ ಭಾರವನ್ನು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆ. ಮಂಡಿ ಪೂರ್ತಿ ವಾಸಿ ಆಗಿಲ್ಲ. ವೈದ್ಯರು ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಓಡಿಸಬೇಡಿ ಎಂದಿದ್ದಾರೆ, ಹಾಗೇ ನಡೆದುಕೊಳ್ಳುತ್ತಿದ್ದೇನೆ. ಕಾಲಿನ ಶಕ್ತಿ ಇನ್ನೂ ಕುಂದಿದರೆ ಆಟೋ ಕ್ಲಚ್, ಸರಿಯಾದ ಒಪ್ಪಿಗೆಯೊಂದಿಗೆ. ನನ್ನಾಕೆ ಈಗ ಮ್ಯಾನುವಲ್ ಕಲಿಯುತ್ತಿದ್ದಾಳೆ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಒಂದು ಗಂಟೆ. "ರೀ, ಇಷ್ಟು ಹಗುರ ಇದ್ದಿದ್ರೆ ಮೊದಲೇ ಕಲೀತಿದ್ದೆ" ಎಂದಳು.

ನೀವು ಯಾವ ಕೆಲಸ ಮಾಡಿಸಿದರೂ ಹಣ ಪೂರ್ತಿ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ನೀರಿನ ಟ್ಯಾಂಕ್ ತುಂಬಿಸಿ. ಗ್ಯಾಸು, ಹಾಸಿಗೆ, ಸಾಮಾನು ಎಲ್ಲ ಏರಿಸಿ. ಹತ್ತಿರದ ಗಟ್ಟಿ ಏರಿಗೆ ಹೋಗಿ. ನಡುವೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮತ್ತೆ ಹೊರಡಿ. ಐದು ಸಲ ಹೀಗೆ ಮಾಡಿ. ಆಮೇಲೆ ಅದೇ ರಸ್ತೆಯಲ್ಲಿ ಇಳಿಯಿರಿ. ಕೆಲಸ ಮಾಡಿದ ಮೆಕ್ಯಾನಿಕ್ ನಿಮ್ಮ ಪಕ್ಕದ ಸೀಟಿನಲ್ಲಿ ಕೂತಿರಲಿ.